ಪಂಪ್ ಎಂಜಿನ್ ಸ್ಟಾರ್ಟ್ ಆಗುತ್ತಿಲ್ಲ: ಕಿಡಿ ಇದೆ, ಪ್ಲಗ್ ಮಾತ್ರ ಒಣಗಿಯೇ ಇರುತ್ತದೆ

ನೀರೆತ್ತು:

4 ಸ್ಟ್ರೋಕ್, 163 ಸಿಸಿ, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಪೆಟ್ರೋಲ್ ಪಂಪ್‌ಸೆಟ್. ಕಾರ್ಬ್ಯುರೇಟರ್ ಫ್ಲೋಟ್ ಬೌಲ್ (ತಳದಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಇರುವಂಥದ್ದು. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದ್ದಂತೆಯೇ ಕೆಲವು ತಿಂಗಳು ನಿಂತಿತ್ತು. ಈಗ ಚೋಕ್ (ಗಾಳಿಯ ದಾರಿ ಮುಚ್ಚುವ ತಟ್ಟೆ) ಪೂರ್ತಿ ಎಳೆದು ಎಷ್ಟು ಹಗ್ಗ ಎಳೆದರೂ ಒಂದು ಬಡಿತವೂ ಇಲ್ಲ.

ಇಲ್ಲಿಯವರೆಗೆ ನೋಡಿರುವುದು ಇಷ್ಟು. ಹಳೇ ಪೆಟ್ರೋಲ್ ಚೆಲ್ಲಿ ಹೊಸದು ಹಾಕಿದ್ದೇನೆ. ಪ್ಲಗ್ ಹೊಸದು, ಗ್ಯಾಪ್ 0.7 ಎಂಎಂ, ಕಿಡಿ ನೀಲಿಯಾಗಿ ಚೆನ್ನಾಗಿ ಬರುತ್ತಿದೆ. ಹಗ್ಗ ಎಳೆದ ಮೇಲೆ ಪ್ಲಗ್ ಬಿಚ್ಚಿದರೆ ತುದಿ ಒಣಗಿದೆ, ಪೆಟ್ರೋಲ್ ವಾಸನೆಯೂ ಇಲ್ಲ. ಪ್ಲಗ್ ತೂತಿನಲ್ಲಿ ಅರ್ಧ ಚಮಚದಷ್ಟು ಪೆಟ್ರೋಲ್ ಹಾಕಿ ಎಳೆದರೆ ಎರಡು ಸೆಕೆಂಡು ಓಡಿ ನಿಲ್ಲುತ್ತದೆ. ಏರ್ ಫಿಲ್ಟರ್ ಸ್ವಚ್ಛವಾಗಿದೆ, ಎಂಜಿನ್ ಆಯಿಲ್ ಮಟ್ಟ ಸರಿ ಇದೆ.

ಕಾರ್ಬ್ಯುರೇಟರ್ ಪೂರ್ತಿ ಬಿಚ್ಚಲೇಬೇಕೇ? ಬಿಚ್ಚಬೇಕಾದರೆ ಯಾವ ತೂತಿನಿಂದ ಶುರು ಮಾಡುವುದು?

---

ತೇಲುಗುಂಡು:

ಎರಡು ಸೆಕೆಂಡು ಓಡಿತು ಅಂದರೆ ಕಿಡಿ, ಕಂಪ್ರೆಶನ್, ಟೈಮಿಂಗ್ ಮೂರೂ ಓಡುವ ಮಟ್ಟಕ್ಕೆ ಇವೆ. ಹುಡುಕಬೇಕಾದ್ದು ಪೆಟ್ರೋಲಿನ ದಾರಿಯನ್ನು. ಟ್ಯಾಂಕಿನಿಂದ ಸಿಲಿಂಡರ್‌ವರೆಗಿನ ಆ ದಾರಿಯನ್ನು ಮಧ್ಯದಲ್ಲಿ ಕತ್ತರಿಸಿ ನೋಡಲು ಒಂದೇ ಒಂದು ಬೋಲ್ಟ್ ಸಾಕು: ಬೌಲಿನ ತಳದ ಓರೆಯಲ್ಲಿರುವ ಡ್ರೈನ್ ಬೋಲ್ಟ್. ಕಾರ್ಬ್ಯುರೇಟರ್ ಅಲುಗಾಡಿಸುವ ಮೊದಲು ಅದನ್ನು ಬಿಚ್ಚಿ.

ಎಂಜಿನ್ ತಣ್ಣಗಿರಲಿ, ಬಯಲಿನಲ್ಲಿರಲಿ, ಹತ್ತಿರ ಬೆಂಕಿ, ಬೀಡಿ ಏನೂ ಬೇಡ. ಕೆಳಗೆ ಪಾರದರ್ಶಕ ಗಾಜಿನ ಬಾಟಲಿ ಹಿಡಿಯಿರಿ. ಪೆಟ್ರೋಲ್ ಕಾಕ್ (ನಲ್ಲಿ) ಮುಚ್ಚಿ, ಡ್ರೈನ್ ಬೋಲ್ಟ್ (ಸಾಮಾನ್ಯವಾಗಿ 10 ಎಂಎಂ ಸ್ಪ್ಯಾನರ್) ಬಿಚ್ಚಿ. ಬೌಲಿನಲ್ಲಿ ಇದ್ದದ್ದು ಸುರಿದು ನಿಲ್ಲುತ್ತದೆ. ಅದನ್ನು ಹಾಗೇ ಪಕ್ಕಕ್ಕಿಟ್ಟು, ಬೇರೆ ಪಾತ್ರೆ ಹಿಡಿದು ಈಗ ಕಾಕ್ ತೆರೆಯಿರಿ.

ಮೂರು ರೀತಿಯ ಉತ್ತರ ಸಿಗಬಹುದು.

ಮೊದಲಿಗೆ ಬೌಲು ಖಾಲಿ ಇತ್ತು, ಕಾಕ್ ತೆರೆದರೂ ಏನೂ ಬರುತ್ತಿಲ್ಲ. ಆಗ ತೊಂದರೆ ಬೌಲಿಗಿಂತ ಮೇಲೆ. ಪೈಪನ್ನು ಕಾರ್ಬ್ಯುರೇಟರ್ ಕಡೆಯಿಂದ ಕಿತ್ತು ಹರಿವು ನೋಡಿ. ಅಲ್ಲೂ ಬರದಿದ್ದರೆ ಟ್ಯಾಂಕಿನ ತಳದ ಜಾಲರಿ ಕಟ್ಟಿದೆ. ಪೈಪಿನಲ್ಲಿ ಧಾರಾಳವಾಗಿ ಬರುತ್ತಿದೆ, ಬೌಲಿಗೆ ಮಾತ್ರ ಇಳಿಯುತ್ತಿಲ್ಲ ಅಂದರೆ ಕಾಕ್, ಅದರ ಕೆಳಗಿನ ಕಸದ ಬಟ್ಟಲು, ಇಲ್ಲವೇ ಫ್ಲೋಟ್ ನೀಡಲ್ (ಬೌಲು ತುಂಬಿ ಫ್ಲೋಟ್ ಎದ್ದಾಗ ಪೆಟ್ರೋಲ್ ಬರುವ ತೂತನ್ನು ಮುಚ್ಚುವ ಮೊನೆ). ಹಳೇ ಪೆಟ್ರೋಲಿನ ಅಂಟಿಗೆ ನೀಡಲ್ ತನ್ನ ಸೀಟಿಗೆ ಮೆತ್ತಿಕೊಂಡು ಕೂತುಬಿಡುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬೌಲಿನ ಪಕ್ಕಕ್ಕೆ ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ತಟ್ಟಿದ ಕೂಡಲೇ ಪೆಟ್ರೋಲ್ ಇಳಿಯಿತು ಅಂದರೆ ನೀಡಲ್ಲೇ. ಆಗ ಎಂಜಿನ್ ಸ್ಟಾರ್ಟ್ ಕೂಡ ಆಗಬಹುದು. ಆದರೂ ನೀಡಲ್ ತೊಳೆಯದೆ ಬಿಡಬೇಡಿ, ಮತ್ತೆ ಅಂಟುತ್ತದೆ.

ಎರಡನೆಯದು, ಧಾರೆ ಚೆನ್ನಾಗಿ ಶುರುವಾಗಿ ಸ್ವಲ್ಪ ಹೊತ್ತಿಗೆ ಸಣ್ಣಗಾಗಿ ತೊಟ್ಟಿಕ್ಕುತ್ತದೆ. ಟ್ಯಾಂಕಿನ ಮುಚ್ಚಳ ತೆಗೆಯಿರಿ. ಧಾರೆ ಮತ್ತೆ ದಪ್ಪಗಾದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ. ಗಾಳಿ ಒಳಗೆ ಬರದಿದ್ದರೆ ಪೆಟ್ರೋಲ್ ಹೊರಗೆ ಹೋಗುವುದಿಲ್ಲ. ಮುಚ್ಚಳ ತೆಗೆದರೂ ಹಾಗೇ ಇದ್ದರೆ ಜಾಲರಿಯಲ್ಲಿ ಕಸ.

ಮೂರನೆಯದು, ಬೌಲು ತುಂಬಿತ್ತು, ಕಾಕ್ ತೆರೆದ ಮೇಲೆ ಧಾರೆ ನಿಲ್ಲದೆ ಹರಿಯುತ್ತಿದೆ. ಟ್ಯಾಂಕಿನಿಂದ ನೀಡಲ್‌ವರೆಗೆ ಎಲ್ಲ ಸರಿ. ಹಾಗಿದ್ದೂ ಪ್ಲಗ್ ಒಣಗಿದೆ ಅಂದರೆ ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು) ಕಟ್ಟಿದೆ, ಆಗ ಬಿಚ್ಚುವುದು ಬಿಟ್ಟು ದಾರಿಯಿಲ್ಲ.

ಮೊದಲು ಹಿಡಿದಿಟ್ಟ ಬಾಟಲಿಯನ್ನು ಹತ್ತು ನಿಮಿಷ ಬಿಟ್ಟು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಬೇರೆ ಪದರ, ಅಥವಾ ಅಲುಗಾಡಿಸಿದರೆ ಉರುಳುವ ಗುಳ್ಳೆಗಳು ಕಂಡರೆ ಅದು ನೀರು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವ ಹೀರುತ್ತದೆ. ಹೀರುವ ಮಿತಿ ದಾಟಿದರೆ ನೀರು ಮತ್ತು ಎಥನಾಲ್ ಸೇರಿ ಕೆಳಗಿಳಿದು ಬೇರೆಯಾಗುತ್ತವೆ. ಜೆಟ್ ಬೌಲಿನ ತಳಕ್ಕೇ ಹತ್ತಿರ ಇರುವುದರಿಂದ ಎಂಜಿನ್ನಿಗೆ ಮೊದಲು ಸಿಗುವುದೇ ಈ ಪದರ. ಬಿಳೀ ಪುಡಿ ಕಂಡರೆ ಅದು ಲೋಹ ತಿಂದ ಗುರುತು. ಹಸಿರು, ಕಂದು ಬಣ್ಣದ ಜಿಗುಟು ಕಂಡರೆ ಆರಿದ ಪೆಟ್ರೋಲಿನ ಅಂಟು.

ಒಂದು ಎಚ್ಚರಿಕೆ. ಕಿಡಿ ನೋಡುವಾಗ ಪ್ಲಗ್ಗನ್ನು ಅದರ ತೂತಿನ ಬಾಯಿಗೇ ಹಿಡಿಯಬೇಡಿ. ಸಿಲಿಂಡರಿನಿಂದ ಹೊರಗೆ ಬರುವ ಆವಿಗೆ ಅದೇ ಕಿಡಿ ತಗಲುತ್ತದೆ. ದೂರದಲ್ಲಿ, ಎಂಜಿನ್ನಿನ ಬೇರೆ ಲೋಹಕ್ಕೆ ಗಟ್ಟಿಯಾಗಿ ತಾಗಿಸಿ ನೋಡಿ.

---

ಸ್ಲೋಜೆಟ್:

ಮೇಲಿನ ಪರೀಕ್ಷೆ ಸರಿ. ಬೌಲು ತುಂಬಿದ್ದರೆ ನೇರವಾಗಿ ಪೈಲಟ್ ಜೆಟ್‌ಗೆ (ಥ್ರಾಟಲ್ ಮುಚ್ಚಿರುವಾಗ ಪೆಟ್ರೋಲ್ ಕೊಡುವ ಜೆಟ್) ಹೋಗಿ. ಅದರ ತೂತು ಎಲ್ಲಕ್ಕಿಂತ ಸಣ್ಣದು, ಮೊದಲು ಕಟ್ಟುವುದೂ ಅದೇ. ನೂರಕ್ಕೆ ತೊಂಬತ್ತು ಸಲ ಅಲ್ಲೇ ಮುಗಿಯುತ್ತದೆ.

---

ಗವರ್ನರ್ ಸ್ಪ್ರಿಂಗ್:

ಪೈಲಟ್ ಮೊದಲು ಕಟ್ಟುತ್ತದೆ ಅನ್ನುವುದು ನಿಜ. ಆದರೆ ಇಲ್ಲಿನ ಲಕ್ಷಣ ಪೈಲಟ್ಟಿನದ್ದಲ್ಲ. ಬೈಕಿನ ಅನುಭವದಲ್ಲಿ ನೋಡಿದರೆ ಹಾಗನ್ನಿಸುತ್ತದೆ, ಏಕೆಂದರೆ ಬೈಕ್ ಸ್ಟಾರ್ಟ್ ಮಾಡುವಾಗ ಥ್ರಾಟಲ್ ಮುಚ್ಚಿರುತ್ತದೆ. ಗವರ್ನರ್ (ಎಂಜಿನ್ ವೇಗವನ್ನು ತಾನಾಗಿ ಹತೋಟಿಯಲ್ಲಿಡುವ ವ್ಯವಸ್ಥೆ) ಇರುವ ಸಣ್ಣ ಎಂಜಿನ್ನಿನಲ್ಲಿ ತಿರುಗುಮುರುಗು: ಎಂಜಿನ್ ನಿಂತಿರುವಾಗ ಗವರ್ನರ್ ಸ್ಪ್ರಿಂಗು ಥ್ರಾಟಲ್ ತಟ್ಟೆಯನ್ನು ತೆರೆದೇ ಹಿಡಿದಿರುತ್ತದೆ. ಏರ್ ಫಿಲ್ಟರ್ ತೆಗೆದು, ಚೋಕ್ ತೆರೆದು, ಲಿವರ್ ವೇಗದ ಕಡೆಗಿಟ್ಟು ಒಳಗೆ ನೋಡಿದರೆ ಕಾಣುತ್ತದೆ. ಚೋಕ್ ಮುಚ್ಚಿ ಹಗ್ಗ ಎಳೆದಾಗ ಆ ಎಳೆತ ಇಡೀ ಕೊಳವೆಯ ಮೇಲೆ ಬೀಳುತ್ತದೆ, ಪೆಟ್ರೋಲ್ ಹೆಚ್ಚಾಗಿ ಬರುವುದು ಮೇನ್ ನಾಝಲ್‌ನಿಂದ, ಅಂದರೆ ಮೇನ್ ಜೆಟ್ ದಾಟಿದ ಪೆಟ್ರೋಲ್ ಚಿಮ್ಮುವ ಕೊಳವೆಯಿಂದ. ಪೈಲಟ್ ಮಾತ್ರ ಕಟ್ಟಿದ್ದರೆ ಎಂಜಿನ್ ಚೋಕ್‌ನಲ್ಲಿ ಸ್ಟಾರ್ಟ್ ಆಗಿ, ಚೋಕ್ ತೆಗೆದಾಗ ಏರಿಳಿಯುತ್ತದೆ ಅಥವಾ ನಿಲ್ಲುತ್ತದೆ. ಪೂರ್ತಿ ಚೋಕ್‌ನಲ್ಲೂ ಪ್ಲಗ್ ಒದ್ದೆಯಾಗುತ್ತಿಲ್ಲ ಅಂದರೆ ಬೌಲು ಖಾಲಿ ಅಥವಾ ಮೇನ್ ಜೆಟ್ ಕಟ್ಟಿದೆ. ತೊಳೆಯುವಾಗ ಎರಡನ್ನೂ ತೊಳೆಯಬೇಕು, ಅದು ಬೇರೆ ಮಾತು.

ಕೀಲಿಯಿಂದ ಸ್ಟಾರ್ಟ್ ಆಗುವ ಎಂಜಿನ್ ಇಟ್ಟುಕೊಂಡು ಇದನ್ನು ಓದುತ್ತಿರುವವರಿಗೆ: ಬೌಲಿನ ತಳದಲ್ಲಿ ವೈರ್ ಬಂದಿರುವ ಸಿಲಿಂಡರ್ ಆಕಾರದ ಭಾಗ ಕಂಡರೆ ಅದು ಸೊಲೆನಾಯ್ಡ್. ಕೀಲಿ ತಿರುಗಿಸಿದಾಗ ಟಕ್ ಅನ್ನಬೇಕು. ಕರೆಂಟ್ ಸಿಗದಿದ್ದರೆ ಅದರ ಪಿನ್ನು ಮೇನ್ ಜೆಟ್ಟನ್ನು ಮುಚ್ಚಿಯೇ ಇರುತ್ತದೆ. ಬ್ಯಾಟರಿ ಇಳಿದಿರುವ ಎಂಜಿನ್ನನ್ನು ಹಗ್ಗದಲ್ಲಿ ಎಳೆದರೆ ಇದೇ ಒಣ ಪ್ಲಗ್ ಕಾಣುತ್ತದೆ.

ಬಿಚ್ಚುವ ಕ್ರಮ. ಕಾಕ್ ಮುಚ್ಚಿ, ಬೌಲು ಬರಿದು ಮಾಡಿ, ಏರ್ ಫಿಲ್ಟರ್ ಡಬ್ಬಿ ತೆಗೆಯಿರಿ. ಈಗ ಗವರ್ನರ್ ಕಡ್ಡಿ ಮತ್ತು ಅದರ ಜೊತೆಗಿರುವ ತೆಳು ಸ್ಪ್ರಿಂಗು ಯಾವ ತೂತಿಗೆ ಸಿಕ್ಕಿವೆ ಅನ್ನುವುದರ ಫೋಟೊ ಎರಡು ಕೋನದಿಂದ ತೆಗೆದುಕೊಳ್ಳಿ. ಒಂದೇ ಲಿವರಿನಲ್ಲಿ ಹಲವು ತೂತುಗಳಿರುತ್ತವೆ, ನೆನಪಿನ ಮೇಲೆ ಬಿಡಬೇಡಿ. ಕಾರ್ಬ್ಯುರೇಟರನ್ನು ಸ್ಟಡ್ ಮೇಲೆ ಹೊರಕ್ಕೆ ಜಾರಿಸಿ, ಇಡೀ ಕಾರ್ಬ್ಯುರೇಟರನ್ನೇ ತಿರುಗಿಸಿ ಕಡ್ಡಿ ಬಿಡಿಸಿಕೊಳ್ಳಿ. ಕಡ್ಡಿಯನ್ನು ಬಗ್ಗಿಸಿ ತೆಗೆದರೆ ಮುಂದೆ ವೇಗ ಸರಿ ಕೂರುವುದಿಲ್ಲ. ಹೊರಗೆ ಬಂದ ಗ್ಯಾಸ್ಕೆಟ್‌ಗಳು ಮತ್ತು ಕಪ್ಪು ಇನ್ಸುಲೇಟರ್ ತುಂಡು ಯಾವ ಕ್ರಮದಲ್ಲಿ, ಯಾವ ಮುಖ ಯಾವ ಕಡೆ ಇದ್ದವೋ ಅದೇ ಕ್ರಮದಲ್ಲಿ ಬಟ್ಟೆ ಮೇಲೆ ಸಾಲಾಗಿ ಇಡಿ.

ಬೌಲಿನ ನಡುವಿನ ಬೋಲ್ಟ್ ಬಿಚ್ಚಿದರೆ ಬೌಲು ಕೈಗೆ ಬರುತ್ತದೆ. ಫ್ಲೋಟಿನ ಪಿನ್ ಎಳೆದರೆ ಫ್ಲೋಟ್ ಮತ್ತು ನೀಡಲ್ ಒಟ್ಟಿಗೆ ಏಳುತ್ತವೆ. ನಡುವಿನ ಕಂಬದೊಳಗೆ ಮೇನ್ ಜೆಟ್. ಅದರ ಸೀಳಿಗೆ ಪೂರ್ತಿ ತುಂಬುವ ಅಗಲದ, ಕಂಬದೊಳಗೆ ನೇರ ಇಳಿಯುವ ಚಪ್ಪಟೆ ಸ್ಕ್ರೂಡ್ರೈವರ್ ಬೇಕು. ಹಿತ್ತಾಳೆ ಮೆತ್ತಗಿನ ಲೋಹ, ಸಣ್ಣ ತುದಿಯಿಂದ ತಿರುಗಿಸಿದರೆ ಸೀಳೇ ಕಿತ್ತುಹೋಗುತ್ತದೆ. ಬಿಗಿಯಾಗಿದ್ದರೆ ಕ್ಲೀನರ್ ಹೊಡೆದು ಹದಿನೈದು ನಿಮಿಷ ಕಾಯಿರಿ.

ಜೆಟ್ ಬಂದ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಅದರ ಹಿಂದೆ ಉದ್ದನೆಯ ನಾಝಲ್ ಕೊಳವೆ ಇರುತ್ತದೆ, ಪಕ್ಕದಲ್ಲಿ ಸೂಜಿ ತುದಿಯಷ್ಟು ತೂತುಗಳು. ಕಾರ್ಬ್ಯುರೇಟರನ್ನು ಬೋರಲು ಹಾಕಿ ತಟ್ಟಿದರೆ ಜಾರಿ ಬೀಳುತ್ತದೆ. ಬೀಳದಿದ್ದರೆ ಗಾಳಿ ಕೊಳವೆಯ ಕಡೆಯಿಂದ ಮರದ ಕಡ್ಡಿಯಲ್ಲಿ ಮೆಲ್ಲಗೆ ಒತ್ತಿ. ಗಾಳಿ ಪೆಟ್ರೋಲಿನ ಜೊತೆ ಬೆರೆಯುವುದು ಈ ಪಕ್ಕದ ತೂತುಗಳಲ್ಲಿ. ಜೆಟ್ ಮಾತ್ರ ತೊಳೆದು ನಾಝಲ್ ಬಿಟ್ಟವರ ಎಂಜಿನ್ನು ಸ್ಟಾರ್ಟ್ ಆಗಿ ಲೋಡ್ ಬಿದ್ದಾಗ ಕಪ್ಪು ಹೊಗೆ ಉಗುಳಿ ಮುಗ್ಗರಿಸುತ್ತದೆ.

ಪೈಲಟ್ ಜೆಟ್ ಹೋಂಡಾ ಜಿಎಕ್ಸ್160 ಮತ್ತು ಅದೇ ವಿನ್ಯಾಸದ ಎಂಜಿನ್ನುಗಳಲ್ಲಿ ಮೇಲುಗಡೆ ಇರುತ್ತದೆ. ಕಪ್ಪು ಪ್ಲಾಸ್ಟಿಕ್ ತಲೆ, ಅದನ್ನು ಅದುಮಿ ಹಿಡಿದಿರುವುದು ಐಡಲ್ ವೇಗದ ಸ್ಕ್ರೂ. ಆ ಸ್ಕ್ರೂ ಎಷ್ಟು ಸುತ್ತು ಬಂತು ಎಣಿಸಿಕೊಂಡು ತೆಗೆದು, ಪ್ಲಾಸ್ಟಿಕ್ ತಲೆಯನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮೀಟಿ ಎತ್ತಿ. ಕೆಳಗಿನ ಓ-ರಿಂಗ್ ಹರಿದಿದ್ದರೆ ಬದಲಿಸಬೇಕು, ಇಲ್ಲದಿದ್ದರೆ ಅಲ್ಲಿಂದ ಗಾಳಿ ಒಳಗೆ ಸೇರುತ್ತದೆ.

---

ನೀರೆತ್ತು:

ಡ್ರೈನ್ ಪರೀಕ್ಷೆಯ ಫಲಿತಾಂಶ: ಬೌಲು ತುಂಬಿತ್ತು, ಕಾಕ್ ತೆರೆದಾಗ ಧಾರೆ ನಿಲ್ಲಲಿಲ್ಲ, ಮುಚ್ಚಳ ಹಾಕಿದ್ದರೂ ಹಾಗೇ. ಬಾಟಲಿಯ ತಳದಲ್ಲಿ ಉರುಳುವ ಗುಳ್ಳೆಗಳಿವೆ. ಬಿಚ್ಚಿದ್ದೇನೆ. ಬೌಲಿನ ತಳದಲ್ಲಿ ಬಿಳೀ ಪುಡಿ, ಮೇನ್ ಜೆಟ್ ಮೂಲಕ ಬೆಳಕೇ ಕಾಣುತ್ತಿಲ್ಲ. ನಾಝಲ್ಲಿನ ಪಕ್ಕದ ತೂತುಗಳಲ್ಲಿ ಎರಡು ಮುಚ್ಚಿವೆ.

ಜೆಟ್ಟಿನೊಳಗೆ ಕಬ್ಬಿಣದ ತಂತಿ ಹಾಕಿ ಚುಚ್ಚಬಹುದೇ? ಬಾಡಿಯನ್ನು ವಿನೆಗರ್‌ನಲ್ಲಿ ನೆನೆಸಿದರೆ ಪುಡಿ ಹೋಗುತ್ತದೆ ಅಂತ ಓದಿದೆ, ಮಾಡಬಹುದೇ?

---

ಗವರ್ನರ್ ಸ್ಪ್ರಿಂಗ್:

ಕಬ್ಬಿಣದ ತಂತಿ, ಸೂಜಿ, ಡ್ರಿಲ್ ಬಿಟ್ ಯಾವುದೂ ಬೇಡ. ಲೆಕ್ಕ ಹಾಕಿ ನೋಡಿ: 0.65 ಎಂಎಂ ತೂತು ಉಜ್ಜಿ 0.70 ಆಯಿತು ಅಂದುಕೊಳ್ಳೋಣ. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ. ಆದರೆ ಪೆಟ್ರೋಲ್ ಹರಿಯುವ ವಿಸ್ತೀರ್ಣ ಶೇ 16 ಹೆಚ್ಚಾಯಿತು. ಪೈಲಟ್ಟಿನ 0.35 ಎಂಎಂ ತೂತು 0.40 ಆದರೆ ಶೇ 31 ಹೆಚ್ಚು. ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಆ ಎಂಜಿನ್ ಹದಕ್ಕೆ ಬರುವುದಿಲ್ಲ. ಅಂಚಿನಲ್ಲಿ ಗೀರು ಬಿದ್ದರೂ ಹರಿವು ಕೆಡುತ್ತದೆ.

ಮೊದಲು ಕ್ಲೀನರಿನಲ್ಲಿ ನೆನೆಸಿ, ಅಂಟು ಮೆತ್ತಗಾಗಲಿ. ಆಮೇಲೆ ತೂತಿಗಿಂತ ತೆಳ್ಳಗಿರುವ ನೈಲಾನ್ ಎಳೆ, ಅಥವಾ ವಿದ್ಯುತ್ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ. ಎಳೆ ಸಲೀಸಾಗಿ ಹೋಗಬೇಕು. ಒತ್ತಬೇಕಾಗಿ ಬಂದರೆ ಮತ್ತೆ ನೆನೆಸಿ. ಕೊನೆಗೆ ಜೆಟ್ಟನ್ನು ಬೆಳಕಿಗೆ ಹಿಡಿದರೆ ಅಂಚು ಪೂರ್ತಿ ದುಂಡಗೆ, ಹೊಳೆಯುವ ಹಾಗೆ ಕಾಣಬೇಕು. ಅರ್ಧಚಂದ್ರದ ಹಾಗೆ ಕಂಡರೆ ಒಳಗೆ ಇನ್ನೂ ಇದೆ.

ವಿನೆಗರ್ ಬೇಡ ಅನ್ನುತ್ತೇನೆ. ಬಾಡಿ ಸತು ಅಥವಾ ಅಲ್ಯೂಮಿನಿಯಂ ಎರಕ, ಆಮ್ಲ ಪುಡಿಯ ಜೊತೆ ಲೋಹವನ್ನೂ ತಿನ್ನುತ್ತದೆ. ಮರೆತು ರಾತ್ರಿ ಪೂರ್ತಿ ಬಿಟ್ಟರೆ ಮೇಲ್ಮೈ ಕಪ್ಪಾಗಿ ಒರಟಾಗುತ್ತದೆ, ಆ ಒರಟಿನಲ್ಲಿ ಮುಂದಿನ ಪುಡಿ ಬೇಗ ಕೂರುತ್ತದೆ. ಹಲ್ಲುಜ್ಜುವ ಹಳೇ ಬ್ರಷ್, ಕಾರ್ಬ್ಯುರೇಟರ್ ಕ್ಲೀನರ್ ಸಾಕು. ಅಲ್ಟ್ರಾಸಾನಿಕ್ ತೊಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು.

ಕ್ಲೀನರ್ ಹೊಡೆಯುವ ಮೊದಲು ಬೌಲಿನ ರಬ್ಬರ್ ರಿಂಗು, ಓ-ರಿಂಗು, ಫ್ಲೋಟ್, ರಬ್ಬರ್ ತುದಿಯ ನೀಡಲ್ ಎಲ್ಲ ಪಕ್ಕಕ್ಕೆ. ರಬ್ಬರ್ ಊದಿಕೊಂಡರೆ ಬೌಲಿನ ತೋಡಿನಲ್ಲಿ ಕೂರದೆ ಹೊರಗೆ ಉಬ್ಬುತ್ತದೆ. ಊದಿದ ರಿಂಗನ್ನು ಒಣಗಲು ಬಿಟ್ಟರೆ ಎಷ್ಟೋ ಸಲ ಮೊದಲಿನ ಅಳತೆಗೆ ಬರುತ್ತದೆ. ಬರದಿದ್ದರೆ ಹೊಸದು ಹಾಕಿ. ಕಣ್ಣಿಗೆ ಕನ್ನಡಕ ಕಡ್ಡಾಯ, ಒಂದು ತೂತಿಗೆ ಹೊಡೆದದ್ದು ಇನ್ನೊಂದು ತೂತಿನಿಂದ ನೇರ ಮುಖಕ್ಕೆ ಚಿಮ್ಮುತ್ತದೆ.

ಹಾಗೆ ಚಿಮ್ಮುವುದೇ ಪರೀಕ್ಷೆ ಕೂಡ. ಏರ್ ಫಿಲ್ಟರ್ ಕಡೆಯ ಬಾಯಿಯ ಅಂಚಿನಲ್ಲಿ ಸಣ್ಣ ತೂತುಗಳಿವೆ. ಒಂದು ಮೇನ್ ನಾಝಲ್ಲಿಗೆ ಗಾಳಿ ಕೊಡುತ್ತದೆ, ಇನ್ನೊಂದು ಪೈಲಟ್ಟಿಗೆ. ಮೊದಲನೆಯದಕ್ಕೆ ಹೊಡೆದರೆ ನಡುವಿನ ಕಂಬದಲ್ಲಿ ಬರಬೇಕು. ಎರಡನೆಯದಕ್ಕೆ ಹೊಡೆದರೆ ಥ್ರಾಟಲ್ ತಟ್ಟೆಯ ಹತ್ತಿರದ ಸಾಲು ತೂತುಗಳಲ್ಲಿ, ಪೈಲಟ್ ಜೆಟ್ಟಿನ ಗೂಡಿನಲ್ಲಿ ಬರಬೇಕು. ಥ್ರಾಟಲ್ ತಟ್ಟೆ ಮುಚ್ಚಿದಾಗ ಅದರ ಅಂಚು ತಾಗುವ ಜಾಗದಲ್ಲೇ ಆ ಸಾಲು ಇರುತ್ತದೆ, ಬೆಳಕು ಬಿಟ್ಟು ಹುಡುಕಿ. ಪ್ರತಿಯೊಂದರಿಂದಲೂ ಧಾರೆ ಬರುವವರೆಗೆ ಬಿಡಬೇಡಿ. ಆಮೇಲೆ 30ರಿಂದ 40 ಪಿಎಸ್‌ಐ ಗಾಳಿ ಹಾಯಿಸಿ. ಟಯರ್ ಅಂಗಡಿಯ ಪೂರ್ತಿ ಒತ್ತಡ ಹೊಡೆದರೆ ಒತ್ತಿ ಕೂರಿಸಿದ ಸಣ್ಣ ಮುಚ್ಚಳಗಳು ಹಾರಿಹೋಗಬಹುದು.

---

ತೇಲುಗುಂಡು:

ನೀರು ಸಿಕ್ಕಿದೆ ಅಂದಮೇಲೆ ಟ್ಯಾಂಕ್ ಮತ್ತು ಕಸದ ಬಟ್ಟಲನ್ನೂ ತೊಳೆಯಿರಿ. ಪೆಟ್ರೋಲ್ ಬದಲಿಸುವಾಗ ಟ್ಯಾಂಕಿನ ತಗ್ಗಿನಲ್ಲಿ ಉಳಿದ ನೀರು ಅಲ್ಲೇ ಇರುತ್ತದೆ. ಇಲ್ಲದಿದ್ದರೆ ತೊಳೆದ ಬೌಲಿಗೆ ಮತ್ತೆ ಅದೇ ಬಂದು ಸೇರುತ್ತದೆ.

ಜೋಡಿಸುವ ಮೊದಲು ನೀಡಲ್ ತುದಿಯನ್ನು ಉಗುರಿನಿಂದ ಸವರಿ. ಸುತ್ತ ಉಂಗುರದ ಹಾಗೆ ಗೀರು ತಗುಲಿದರೆ ಅದು ಸವೆದಿದೆ, ಬದಲಿಸಿ. ಫ್ಲೋಟನ್ನು ಕಿವಿಯ ಹತ್ತಿರ ಅಲುಗಾಡಿಸಿ, ಒಳಗೆ ದ್ರವ ಕುಲುಕಿದರೆ ತೂತಾಗಿದೆ. ಇವೆರಡರಲ್ಲಿ ಯಾವುದಿದ್ದರೂ ನಿಮಗೆ ಈಗಿನ ತೊಂದರೆಯ ಉಲ್ಟಾ ತೊಂದರೆ ಶುರುವಾಗುತ್ತದೆ: ಪೆಟ್ರೋಲ್ ನಿಲ್ಲದೆ ಉಕ್ಕಿ ಸಿಲಿಂಡರಿಗೆ ಇಳಿದು, ಪಿಸ್ಟನ್ ಪಕ್ಕದಿಂದ ಆಯಿಲ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ ಓಡಿಸಲೇಬೇಡಿ. ಆಯಿಲ್ ಬದಲಿಸಿಯೇ ಮುಂದಿನ ಮಾತು. ಜಿಎಕ್ಸ್160ಕ್ಕೆ ಹಿಡಿಯುವುದು ಸುಮಾರು 0.6 ಲೀಟರ್.

ಫ್ಲೋಟ್ ಎತ್ತರ: ನೀಡಲ್ ಸೀಟಿಗೆ ತಾಗಿ, ಅದರೊಳಗಿನ ಸ್ಪ್ರಿಂಗ್ ಅದುಮದ ಹಾಗೆ ಕಾರ್ಬ್ಯುರೇಟರನ್ನು ಓರೆಯಾಗಿ ಹಿಡಿದು, ಬಾಡಿಯ ಅಂಚಿನಿಂದ ಫ್ಲೋಟಿನ ತುದಿಗೆ ಅಳೆಯಬೇಕು. ಜಿಎಕ್ಸ್160ರಲ್ಲಿ 13.7 ಎಂಎಂ. ಪ್ಲಾಸ್ಟಿಕ್ ಫ್ಲೋಟಿನಲ್ಲಿ ಬಗ್ಗಿಸಿ ಹೊಂದಿಸುವ ನಾಲಿಗೆ ಇರುವುದಿಲ್ಲ. ಅಳತೆ ತಪ್ಪಿದ್ದರೆ ಫ್ಲೋಟ್ ಅಥವಾ ನೀಡಲ್ ಬದಲಿಸುವುದೇ.

ಗ್ಯಾಸ್ಕೆಟ್ ವಿಷಯದಲ್ಲಿ ಆತುರ ಬೇಡ. ಮೂರು ಗ್ಯಾಸ್ಕೆಟ್‌ಗಳು ನೋಡಲು ಒಂದೇ ಥರ, ತೂತುಗಳು ಬೇರೆ ಬೇರೆ. ಬಹಳ ಕಾರ್ಬ್ಯುರೇಟರ್‌ಗಳಲ್ಲಿ ಬೌಲಿಗೆ ಗಾಳಿ ಕೊಡುವ ಕಿಂಡಿ ಏರ್ ಫಿಲ್ಟರ್ ಕಡೆಯ ಮುಖದಲ್ಲೇ ತೆರೆಯುತ್ತದೆ. ಗ್ಯಾಸ್ಕೆಟ್ ತಿರುವಿ ಕೂತು ಆ ಕಿಂಡಿ ಮುಚ್ಚಿದರೆ, ಜೆಟ್ ಎಷ್ಟೇ ಸ್ವಚ್ಛವಿರಲಿ, ಸ್ವಲ್ಪ ಓಡಿ ನಿಲ್ಲುತ್ತದೆ. ಪ್ರತಿ ಗ್ಯಾಸ್ಕೆಟ್ಟನ್ನು ಅದರ ಮುಖಕ್ಕೆ ಹಿಡಿದು, ಬಾಡಿಯಲ್ಲಿರುವ ಪ್ರತಿ ತೂತಿಗೂ ಗ್ಯಾಸ್ಕೆಟ್ಟಿನಲ್ಲಿ ತೂತು ಇದೆಯೇ ನೋಡಿ. ಸಿಲಿಕಾನ್ ಪೇಸ್ಟ್ ಹಚ್ಚಬೇಡಿ, ಪೆಟ್ರೋಲ್ ತಾಗಿ ಕಿತ್ತು ಬಂದ ಚೂರು ಸೀದಾ ಒಳಗೆ ಹೋಗುತ್ತದೆ.

---

ಕಳೆಕತ್ತರಿ:

ಇದೇ ಎಳೆಯಲ್ಲಿ ಕೇಳುತ್ತೇನೆ. 2 ಸ್ಟ್ರೋಕ್ ಬ್ರಷ್ ಕಟರ್, ಬೌಲೇ ಇಲ್ಲ, ಒತ್ತುವ ರಬ್ಬರ್ ಗುಳ್ಳೆ ಇದೆ. ಲಕ್ಷಣ ಇದೇ: ಪ್ಲಗ್ ಒಣಗಿದೆ, ಪೆಟ್ರೋಲ್ ಹನಿಸಿದರೆ ಓಡಿ ನಿಲ್ಲುತ್ತದೆ. ಡ್ರೈನ್ ಬೋಲ್ಟ್ ಇಲ್ಲದ ಮೇಲೆ ಎಲ್ಲಿ ನೋಡುವುದು?

---

ಸ್ಲೋಜೆಟ್:

ನಿಮ್ಮದು ಡಯಾಫ್ರಾಮ್ ಕಾರ್ಬ್ಯುರೇಟರ್, ಬೌಲಿನ ಬದಲು ತೆಳು ಪೊರೆ (ಡಯಾಫ್ರಾಮ್) ಇರುವಂಥದ್ದು. ಇಲ್ಲಿ ಆ ರಬ್ಬರ್ ಗುಳ್ಳೆಯೇ ಡ್ರೈನ್ ಬೋಲ್ಟಿನ ಕೆಲಸ ಮಾಡುತ್ತದೆ. ಗುಳ್ಳೆ ಎಂಜಿನ್ನಿಗೆ ಪೆಟ್ರೋಲ್ ತಳ್ಳುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಎರಡು ಪೈಪು ಇರುವ ಈ ಮಾದರಿಯಲ್ಲಿ ಅದು ಟ್ಯಾಂಕಿನಿಂದ ಕಾರ್ಬ್ಯುರೇಟರ್ ಮೂಲಕ ಪೆಟ್ರೋಲ್ ಎಳೆದು, ಹೆಚ್ಚಾದದ್ದನ್ನು ಟ್ಯಾಂಕಿಗೇ ವಾಪಸ್ ಕಳಿಸುತ್ತದೆ. ಹತ್ತು ಸಲ ಒತ್ತಿ ನೋಡಿ.

ಒತ್ತಿದ ಗುಳ್ಳೆ ಚಪ್ಪಟೆಯಾಗಿಯೇ ಉಳಿದು ನಿಧಾನ ಏಳುತ್ತಿದ್ದರೆ ಟ್ಯಾಂಕಿನೊಳಗಿನ ಫಿಲ್ಟರ್, ಪೈಪ್ ಅಥವಾ ಕಾರ್ಬ್ಯುರೇಟರಿನ ಸಣ್ಣ ಜಾಲರಿ ಕಟ್ಟಿದೆ. ತಟಕ್ಕನೆ ಎದ್ದು, ಪೆಟ್ರೋಲ್ ಬರದೆ ಬರೀ ಗಾಳಿ ತುಂಬಿದರೆ ಪೈಪು ಬಿರುಕು ಬಿಟ್ಟಿದೆ ಅಥವಾ ಗುಳ್ಳೆಯೇ ಹರಿದಿದೆ. ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ ಪೈಪನ್ನು ಬಗ್ಗಿಸಿ ನೋಡಿ, ಬಿರುಕು ಹೆಚ್ಚಾಗಿ ಅಲ್ಲಿ. ಗುಳ್ಳೆ ಪೆಟ್ರೋಲಿನಿಂದ ತುಂಬಿ ಗಟ್ಟಿಯಾಗಿದ್ದೂ ಪ್ಲಗ್ ಒಣಗಿದ್ದರೆ ಮೀಟರಿಂಗ್ ಡಯಾಫ್ರಾಮ್ (ಪೆಟ್ರೋಲನ್ನು ಅಳೆದು ಬಿಡುವ ಪೊರೆ) ಗಟ್ಟಿಯಾಗಿದೆ ಅಥವಾ ಒಳಗಿನ ನೀಡಲ್ ಅಂಟಿದೆ.

ಡಯಾಫ್ರಾಮ್ ಹೊಸದಿದ್ದಾಗ ಬಟ್ಟೆಯ ಹಾಗೆ ಮೆತ್ತಗೆ, ಊದಿದರೆ ಅಲುಗುವಂತಿರುತ್ತದೆ. ಕೈಯಲ್ಲಿ ಹಿಡಿದಾಗ ಕಾಗದದ ಹಾಗೆ ಸದ್ದು ಮಾಡಿದರೆ ಮುಗಿಯಿತು. ತೊಳೆದರೆ ಮೆತ್ತಗಾಗುವುದಿಲ್ಲ, ಡಯಾಫ್ರಾಮ್ ಗ್ಯಾಸ್ಕೆಟ್ ಸೆಟ್ಟೇ ಹಾಕಬೇಕು. ಕಾರ್ಬ್ಯುರೇಟರ್ ಮೇಲೆ ಅಚ್ಚಾದ ಮಾದರಿ ಅಕ್ಷರಗಳನ್ನು ನೋಡಿ ಸೆಟ್ ತರಿಸಿ, ಕಟರಿನ ಹೆಸರು ನೋಡಿ ತರಿಸಿದರೆ ಹೊಂದದೇ ಇರಬಹುದು. ಪದರಗಳ ಕ್ರಮ ಎರಡೂ ಬದಿ ಒಂದೇ ಅಲ್ಲ. ಸಾಮಾನ್ಯವಾಗಿ ಮೀಟರಿಂಗ್ ಬದಿಯಲ್ಲಿ ಬಾಡಿಗೆ ಮೊದಲು ಗ್ಯಾಸ್ಕೆಟ್, ಆಮೇಲೆ ಡಯಾಫ್ರಾಮ್. ಪಂಪ್ ಬದಿಯಲ್ಲಿ ಹೇಗಿತ್ತು ಎಂದು ಬಿಚ್ಚುವಾಗಲೇ ಫೋಟೊ ತೆಗೆಯಿರಿ. ಎಚ್ ಮತ್ತು ಎಲ್ ಸ್ಕ್ರೂಗಳನ್ನು (ಹೆಚ್ಚು ವೇಗದ ಮತ್ತು ಕಡಿಮೆ ವೇಗದ ಮಿಶ್ರಣದ ಸ್ಕ್ರೂಗಳು) ತೆಗೆಯುವ ಮೊದಲು ಮೆಲ್ಲಗೆ ಒಳಗೆ ಕೂರಿಸುತ್ತಾ ಸುತ್ತು ಎಣಿಸಿ ಬರೆದಿಡಿ. ಜೋರಾಗಿ ಬಿಗಿದರೆ ಮೊನೆಯೂ ಹಾಳು, ಸೀಟೂ ಹಾಳು. ಡಯಾಫ್ರಾಮ್ ಜಾಗದಲ್ಲಿ ಗಾಳಿ ಹೊಡೆಯಬೇಡಿ, ಒಳಗಿನ ತೆಳು ಕವಾಟಗಳು ಮಡಚಿಹೋಗುತ್ತವೆ.

ಆಯಿಲ್ ಬೆರಕೆ ಕೈಪಿಡಿಯಲ್ಲಿ ಹೇಳಿದಷ್ಟೇ. 50:1 ಅಂದರೆ ಲೀಟರಿಗೆ 20 ಎಂಎಲ್, 25:1 ಅಂದರೆ 40 ಎಂಎಲ್. ಸ್ಟಾರ್ಟ್ ಆಗುವುದಿಲ್ಲ ಅಂತ ಆಯಿಲ್ ಕಡಿಮೆ ಮಾಡಲು ಹೋದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

---

ನೀರೆತ್ತು:

ಮೇನ್ ಜೆಟ್, ನಾಝಲ್, ಪೈಲಟ್ ಮೂರೂ ತೊಳೆದು, ನೀಡಲ್ ಬದಲಿಸಿ, ಟ್ಯಾಂಕ್ ತೊಳೆದು ಜೋಡಿಸಿದೆ. ಸ್ಟಾರ್ಟ್ ಆಯಿತು. ಈಗ ಪಂಪಿಗೆ ನೀರಿನ ಲೋಡ್ ಇದ್ದಾಗ ಚೆನ್ನಾಗಿ ಓಡುತ್ತದೆ. ಲೋಡ್ ಕಡಿಮೆ ಮಾಡಿದರೆ ವೇಗ ಒಂದೇ ಲಯದಲ್ಲಿ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಚೋಕ್ ಸ್ವಲ್ಪ ಎಳೆದರೆ ಸಮ ಆಗುತ್ತದೆ.

---

ಗವರ್ನರ್ ಸ್ಪ್ರಿಂಗ್:

ಚೋಕ್ ಎಳೆದಾಗ ಸಮ ಆಗುತ್ತದೆ ಎಂದು ಬರೆದದ್ದು ಒಳ್ಳೆಯದಾಯಿತು, ಅರ್ಧ ಉತ್ತರ ಅದರಲ್ಲೇ ಇದೆ. ಕಡಿಮೆ ಲೋಡಿನಲ್ಲಿ ಗವರ್ನರ್ ಥ್ರಾಟಲ್ಲನ್ನು ಹೆಚ್ಚುಕಡಿಮೆ ಮುಚ್ಚುತ್ತದೆ, ಪೆಟ್ರೋಲ್ ಪೈಲಟ್ ದಾರಿಯಿಂದ ಬರಬೇಕು. ಸಾಕಷ್ಟು ಬರದಿದ್ದರೆ ವೇಗ ಇಳಿಯುತ್ತದೆ. ಇಳಿದದ್ದು ಕಂಡು ಗವರ್ನರ್ ಥ್ರಾಟಲ್ ತೆರೆಯುತ್ತದೆ, ಮೇನ್ ಜೆಟ್ ಎಚ್ಚರಗೊಂಡು ವೇಗ ಏರುತ್ತದೆ, ಗವರ್ನರ್ ಮತ್ತೆ ಮುಚ್ಚುತ್ತದೆ. ಸ್ಲೋಜೆಟ್ ಹೇಳಿದ ಪೈಲಟ್ಟಿನ ಸರದಿ ಈಗ ಬಂತು.

ಮತ್ತೆ ಬಿಚ್ಚುವ ಮೊದಲು ಹೊರಗಿನ ಗಾಳಿ ಸೇರುತ್ತಿದೆಯೇ ನೋಡಿ. ಇನ್ಸುಲೇಟರ್ ಮತ್ತು ಗ್ಯಾಸ್ಕೆಟ್ ಕೂಡುವ ಸಾಲಿಗೆ, ಎಂಜಿನ್ ಓಡುತ್ತಿರುವಾಗ, ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿ. ಶಬ್ದ ಬದಲಾದರೆ ಅಥವಾ ನೀರು ಒಳಗೆ ಎಳೆದುಕೊಂಡರೆ ಅಲ್ಲಿ ಸೋರಿಕೆ. ಕ್ಲೀನರ್ ಸ್ಪ್ರೇ ಹೊಡೆದು ನೋಡುವ ಅಭ್ಯಾಸ ಕೆಲವರಿಗಿದೆ, ಕಾದ ಸೈಲೆನ್ಸರ್ ಪಕ್ಕದಲ್ಲೇ ಇರುವಾಗ ಅದು ಬೇಡ. ಸೋರಿಕೆ ಇದ್ದರೆ ಎರಡು ನಟ್ಟುಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಒಂದೇ ಕಡೆ ಮೊದಲು ಬಿಗಿದರೆ ಇನ್ಸುಲೇಟರ್ ಸೀಳಬಹುದು.

ಸೋರಿಕೆ ಇಲ್ಲದಿದ್ದರೆ ಪೈಲಟ್ ಜೆಟ್ ಮಾತ್ರ ತೆಗೆಯಿರಿ, ಕಾರ್ಬ್ಯುರೇಟರ್ ಇಳಿಸುವ ಅಗತ್ಯವಿಲ್ಲ. ಅದರ ತೂತಿನಲ್ಲಿ ಬೆಳಕು ದುಂಡಗೆ ಕಾಣಬೇಕು. ಮಿಶ್ರಣದ ಸ್ಕ್ರೂ ನಿಮ್ಮ ಮಾದರಿಯಲ್ಲಿ ತಿರುಗುವಂತಿದ್ದರೆ, ಮೆಲ್ಲಗೆ ಒಳಗೆ ಕೂರಿಸಿ ಕೈಪಿಡಿಯ ಸುತ್ತಿನಷ್ಟು ಹೊರಗೆ ತನ್ನಿ. ಕೈಪಿಡಿ ಸಿಗದಿದ್ದರೆ ಎರಡು ಸುತ್ತಿನಿಂದ ಆರಂಭಿಸಿ, ಬಿಸಿಯಾದ ಎಂಜಿನ್ನಿನಲ್ಲಿ ಐಡಲ್ ವೇಗ ಗರಿಷ್ಠವಾಗುವ ಜಾಗ ಹುಡುಕಿ. ಜಿಎಕ್ಸ್160ಕ್ಕೆ ಐಡಲ್ ವೇಗ 1,400 ಆರ್‌ಪಿಎಂ ಆಸುಪಾಸು.

ಇದೆಲ್ಲ ಸರಿ ಇದ್ದೂ ಏರಿಳಿತ ಉಳಿದರೆ, ಗವರ್ನರ್ ಕಡ್ಡಿಯ ಜೊತೆಗೆ ಓಡುವ ತೆಳು ಸ್ಪ್ರಿಂಗು ನೋಡಿ. ಕಡ್ಡಿಯ ಕೊಂಡಿ ಮತ್ತು ತೂತಿನ ನಡುವಿನ ಸಡಿಲವನ್ನು ಒಂದೇ ಕಡೆಗೆ ಎಳೆದು ಹಿಡಿಯುವುದು ಅದರ ಕೆಲಸ. ಜೋಡಿಸುವಾಗ ಅದು ಬಿಟ್ಟುಹೋಗಿದ್ದರೆ ಪೆಟ್ರೋಲ್ ಸರಿ ಇದ್ದರೂ ಎಂಜಿನ್ ತೂಗಾಡುತ್ತದೆ, ಆದರೆ ಆಗ ಚೋಕ್ ಎಳೆದರೆ ಅಷ್ಟು ಸಲೀಸಾಗಿ ಸಮ ಆಗುವುದಿಲ್ಲ. ಸ್ಪ್ರಿಂಗು ಎಳೆದು ಉದ್ದ ಮಾಡಿ ಸರಿಪಡಿಸಲು ಹೋಗಬೇಡಿ. ಗವರ್ನರ್ ಕಡ್ಡಿ ಕಳಚಿದ ಸ್ಥಿತಿಯಲ್ಲಂತೂ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಥ್ರಾಟಲ್ ಪೂರ್ತಿ ತೆರೆದಿರುವುದರಿಂದ ವೇಗಕ್ಕೆ ಮಿತಿಯೇ ಇರುವುದಿಲ್ಲ, ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸ್ ಒಡೆದು ಹೊರಬರುತ್ತದೆ.

---

ತೇಲುಗುಂಡು:

ಮುಂದೆ ನಿಲ್ಲಿಸಿಡುವಾಗ: ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಬೌಲು ಪೂರ್ತಿ ಬರಿದಾಗುವುದಿಲ್ಲ, ಜೆಟ್ ಎಟುಕದ ತಳದಲ್ಲಿ ಸ್ವಲ್ಪ ಉಳಿದು ಅಲ್ಲೇ ಆರುತ್ತದೆ. ಎಂಜಿನ್ ತಣ್ಣಗಾದ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿ ಆ ಕೊನೆಯ ಹನಿಗಳನ್ನೂ ತೆಗೆದು, ವಾಷರ್ ಸಮೇತ ಬಿಗಿದು ಇಡಿ. ತಿಂಗಳಿಗಿಂತ ಹೆಚ್ಚು ನಿಲ್ಲುವುದಾದರೆ ಟ್ಯಾಂಕನ್ನೂ ಬರಿದು ಮಾಡಿ.